ಮೊದಲು ಫೈಲು, ಆಮೇಲೆ ಕಂಪ್ಯೂಟರು

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಮರುದಿನವೂ ಕಂಪ್ಯೂಟರುಗಳು ಎಂದಿನಂತೆ ಶುರುವಾದವು. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ದೋಷಗಳಿಗೆ ಅಲ್ಲಿಂದ ಮುಂದೆ ಸಾಮಾನ್ಯ ಬಳಕೆದಾರರಿಗೆ ತೇಪೆ ಬರುವುದಿಲ್ಲ. ಹೆಸರು ನೋಂದಾಯಿಸಿಕೊಂಡವರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ವಿಸ್ತರಣೆಯನ್ನು ಸಂಸ್ಥೆ ಘೋಷಿಸಿತು. ವಿಂಡೋಸ್ 11ಕ್ಕೆ ಹೋಗೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರಾದರೆ ಬಹುತೇಕ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು.

ನಮ್ಮ ವಿಜಯಪುರ ಜಿಲ್ಲೆಯ ಆಲಮೇಲ, ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಮನೆಗಳಲ್ಲಿರುವ ಎಷ್ಟೋ ಯಂತ್ರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಮಗಳು ಪಿಯು ಓದುವಾಗ ಕೊಂಡ ಲ್ಯಾಪ್‌ಟಾಪು, ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಅಣ್ಣ ಬಳಸಿ ಕೊಟ್ಟದ್ದು, ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು ಇಂಥವೇ ಹೆಚ್ಚು. ಇವು ಕೆಟ್ಟಿಲ್ಲ. ನಾಲ್ಕು ಜಿಬಿ ರ‍್ಯಾಮ್ ಇದೆ, ಪರದೆ ಸರಿಯಾಗಿದೆ, ಕೀಲಿಮಣೆ ಗಟ್ಟಿಯಾಗಿದೆ. ಹಾಗಿದ್ದೂ ಅವುಗಳ ಆಯುಸ್ಸು ಮುಗಿಯಿತೆಂದು ಹೊರಗಿನವರು ತೀರ್ಮಾನಿಸಿದ್ದಾರೆ. ಅದಕ್ಕೇ ಹಳೆಯದೊಂದು ಪ್ರಶ್ನೆ ಈಗ ಹೊಸ ತುರ್ತಿನಿಂದ ಎದ್ದಿದೆ: ಮನೆಯ ಕಂಪ್ಯೂಟರನ್ನು ಲಿನಕ್ಸ್‌ಗೆ ಬದಲಾಯಿಸಬಹುದೇ? ಬದಲಾಯಿಸಿದರೆ ಏನು ಉಳಿಯುತ್ತದೆ, ಏನು ಕೈಬಿಡುತ್ತದೆ?

ಈ ಚರ್ಚೆ ಎಲ್ಲ ಕಡೆ ಬೆಲೆಯಿಂದ ಶುರುವಾಗಿ ವೇಗದಲ್ಲಿ ಮುಗಿಯುತ್ತದೆ. ನಮ್ಮ ಭಾಗದ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ ನಿಜವಾದ ತೊಡಕು ಬೇರೆ ಎರಡು ಕಡೆ ಇದೆ. ಒಂದು, ಹಳೆಯ ಸಂಕೇತದಲ್ಲಿ ಸಿಕ್ಕಿಬಿದ್ದಿರುವ ನಮ್ಮ ಕನ್ನಡದ ಫೈಲುಗಳು. ಎರಡು, ಕೆಟ್ಟಾಗ ಸರಿಮಾಡಿಕೊಡುವ ಕೈ. ಇವೆರಡನ್ನೂ ಬಗೆಹರಿಸಿಕೊಂಡ ಮನೆಗೆ ಆಪರೇಟಿಂಗ್ ಸಿಸ್ಟಮ್ ಬದಲಿಸುವುದು ಒಂದು ಮಧ್ಯಾಹ್ನದ ಕೆಲಸ. ಬಗೆಹರಿಸಿಕೊಳ್ಳದ ಮನೆ ಒಂದೇ ವಾರದಲ್ಲಿ ವಿಂಡೋಸ್‌ಗೆ ಮರಳುತ್ತದೆ.

ಯಾವ ಮನೆತನದ್ದು ಇದು?

1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಯೂನಿಕ್ಸ್ ಕಟ್ಟಲು ತೊಡಗಿದರು. 1973ರಲ್ಲಿ ಅದನ್ನು ರಿಚಿಯವರ ಸಿ ಭಾಷೆಯಲ್ಲಿ ಮತ್ತೆ ಬರೆದದ್ದರಿಂದ ಒಂದು ಬಗೆಯ ಯಂತ್ರದಿಂದ ಇನ್ನೊಂದಕ್ಕೆ ಒಯ್ಯುವುದು ಸಾಧ್ಯವಾಯಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಯೂನಿಕ್ಸ್‌ನಂತೆಯೇ ನಡೆದುಕೊಳ್ಳುವ, ಆದರೆ ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಗ್ನೂ ಯೋಜನೆಯನ್ನು ಸಾರಿದರು. ಅದಕ್ಕೆ ಬೇಕಾಗಿದ್ದ ತಿರುಳನ್ನು, ಅಂದರೆ ಕರ್ನೆಲನ್ನು, 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹೊರತಂದರು. ಈ ಎರಡು ಸೇರಿ ಆದದ್ದನ್ನೇ ಜನ ಲಿನಕ್ಸ್ ಎನ್ನುತ್ತಾರೆ. ಅದನ್ನು ಬಳಕೆಗೆ ಸಿದ್ಧಗೊಳಿಸಿ ಹಂಚುವ ರೂಪಗಳಿಗೆ ಡಿಸ್ಟ್ರೋ ಎಂಬ ಹೆಸರಿದೆ: 1993ರ ಡೆಬಿಯನ್, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್. ಯೂನಿಕ್ಸ್‌ನ ಇನ್ನೊಂದು ಕವಲಾದ ಫ್ರೀಬಿಎಸ್‌ಡಿ ಕೂಡ 1993ರದ್ದು. ಆಪಲ್‌ನ ಮ್ಯಾಕ್‌ಓಎಸ್ ಸಹ ಇದೇ ಬಳಗದ್ದು. ಮನೆಯ ಹಳೆಯ ಯಂತ್ರದ ಮಟ್ಟಿಗೆ ಆಯ್ಕೆ ಲಿನಕ್ಸ್‌ನೊಳಗೇ ನಡೆಯುತ್ತದೆ, ಏಕೆಂದರೆ ವೈಫೈ, ಪ್ರಿಂಟರ್, ಗ್ರಾಫಿಕ್ಸ್ ಮುಂತಾದ ಯಂತ್ರಭಾಗಗಳಿಗೆ ಹೆಚ್ಚಿನ ಆಸರೆ ಇರುವುದು ಅಲ್ಲಿಯೇ.

ಇದು ನಮಗೆ ಅಪರಿಚಿತವೂ ಅಲ್ಲ. ಆಂಡ್ರಾಯ್ಡ್ ಫೋನಿನ ತಿರುಳು ಲಿನಕ್ಸ್ ಕರ್ನೆಲ್ಲೇ. 2017ರ ನವೆಂಬರಿನಿಂದ ಜಗತ್ತಿನ ಅತಿವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸ್ ಯಂತ್ರಗಳೇ. ಅಷ್ಟು ದೂರ ಹೋಗಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ಇ-ಸಮಿತಿ ಇ-ಕೋರ್ಟ್ಸ್ ಯೋಜನೆಯಡಿ ದೇಶದ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಿಗೆ ಆರಿಸಿಕೊಂಡದ್ದು ಉಬುಂಟುವನ್ನು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನ್ಯಾಯಾಲಯಗಳೂ ಆ ಯೋಜನೆಯ ವ್ಯಾಪ್ತಿಯವೇ. ಹೊಲದ ತಕರಾರಿನ ದಾವೆಗೆ ಮುಂದಿನ ತಾರೀಖು ಬೀಳುವ ವ್ಯವಸ್ಥೆ ಮುಕ್ತ ತಂತ್ರಾಂಶದ ಮೇಲೆ ನಿಂತಿದೆ. ಹೀಗಿರುವಾಗ ಲಿನಕ್ಸ್ ಎಂದರೆ ಬೆಂಗಳೂರಿನ ಇಂಜಿನಿಯರುಗಳ ಹವ್ಯಾಸ ಎಂಬ ಮಾತು ನಿಲ್ಲುವುದಿಲ್ಲ.

ಮನೆಯ ಕೆಲಸ ಯಾವುದು?

ಬದಲಾವಣೆಗೆ ಮೊದಲು ಮನೆಯಲ್ಲಿ ಕಂಪ್ಯೂಟರಿನಿಂದ ನಿಜಕ್ಕೂ ಏನೇನು ಕೆಲಸ ಆಗುತ್ತದೆ ಎಂದು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ನಮ್ಮ ಭಾಗದ ಮನೆಗಳಲ್ಲಿ ಆ ಪಟ್ಟಿ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ: ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಮಕ್ಕಳ ಎಸ್‌ಎಸ್‌ಪಿ ವಿದ್ಯಾರ್ಥಿವೇತನ, ಸಿಇಟಿ ಮತ್ತು ನೀಟ್ ಅರ್ಜಿ, ಬ್ಯಾಂಕಿನ ವ್ಯವಹಾರ, ಯೂಟ್ಯೂಬ್ ಪಾಠ, ಫೋಟೊಗಳ ಸಂಗ್ರಹ, ಕಬ್ಬಿನ ಬಿಲ್ಲು ಮತ್ತು ಲಿಂಬೆ ವ್ಯಾಪಾರದ ಲೆಕ್ಕ, ಪತ್ರ, ಮನವಿ, ಮದುವೆಯ ಕರೆಯೋಲೆಯ ಕರಡು.

ಇದರಲ್ಲಿ ಬಹುಪಾಲು ಬ್ರೌಸರಿನೊಳಗೇ ನಡೆಯುತ್ತದೆ. ಒಂದು ಕಾಲದಲ್ಲಿ ಹಲವು ಸರ್ಕಾರಿ ತಾಣಗಳು ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ಬೇಡುತ್ತಿದ್ದವು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಆ ಬ್ರೌಸರನ್ನು ನಿವೃತ್ತಿಗೊಳಿಸಿದ ಮೇಲೆ ತಾಣಗಳು ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಹೊಂದಿಕೊಳ್ಳಲೇಬೇಕಾಯಿತು. ಆ ಎರಡೂ ಲಿನಕ್ಸ್‌ನಲ್ಲಿ ವಿಂಡೋಸ್‌ನಲ್ಲಿದ್ದಂತೆಯೇ ಓಡುತ್ತವೆ. ಆದಾಯ ತೆರಿಗೆಯ ವಿವರವನ್ನೂ ತಾಣದಲ್ಲೇ ತುಂಬಬಹುದು. ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ತಂತ್ರಾಂಶ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ, ಪಿಡಿಎಫ್ ಅನ್ನು ತಾನೇ ಮಾಡಿಕೊಡುತ್ತದೆ. ವಿಡಿಯೊಗೆ ವಿಎಲ್‌ಸಿ, ಚಿತ್ರ ತಿದ್ದಲು ಗಿಂಪ್.

ಓದುವ ಮಕ್ಕಳಿಗೆ ಇಲ್ಲಿ ಹೆಚ್ಚಿನ ಲಾಭವೇ ಇದೆ. ಸಿ ಕಂಪೈಲರ್ ಆದ ಜಿಸಿಸಿ, ಪೈಥಾನ್, ಗಣಿತಕ್ಕೆ ಜಿಯೋಜೀಬ್ರಾ, ನಕ್ಷೆಗೆ ಕ್ಯೂಜಿಐಎಸ್ ಎಲ್ಲವೂ ಕಾಸಿಲ್ಲದೆ, ಕದ್ದ ಪ್ರತಿಯ ಅಳುಕಿಲ್ಲದೆ ಸಿಗುತ್ತವೆ. ವಿಟಿಯುವಿನ ಕಂಪ್ಯೂಟರ್ ಸೈನ್ಸ್ ಪಠ್ಯದಲ್ಲಿ ಯೂನಿಕ್ಸ್ ಪ್ರೋಗ್ರಾಮಿಂಗ್ ಒಂದು ವಿಷಯವಾಗಿಯೇ ಬಂದಿದೆ. ಮನೆಯಲ್ಲಿಯೇ ಅದು ಕೈಗೆ ಸಿಕ್ಕ ಹುಡುಗಿ ಕಾಲೇಜಿನ ಲ್ಯಾಬಿಗೆ ಪಳಗಿದ ಕೈಯೊಂದಿಗೆ ಹೋಗುತ್ತಾಳೆ.

ಇನ್ನೊಂದು ಲಾಭ ಪೆನ್‌ಡ್ರೈವಿನದು. ಜೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಕೊಟ್ಟ ಪೆನ್‌ಡ್ರೈವ್ ಮನೆಗೆ ಬಂದಾಗ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿರುವುದು ನಮ್ಮಲ್ಲಿ ದಿನನಿತ್ಯದ ಗೋಳು. ಆ ವೈರಸ್ ವಿಂಡೋಸ್‌ಗಾಗಿ ಬರೆದದ್ದು. ಅದು ಲಿನಕ್ಸ್‌ನಲ್ಲಿ ಓಡುವುದಿಲ್ಲ, ಅಡಗಿಸಿಟ್ಟ ಮೂಲ ಫೈಲುಗಳೂ ಕಣ್ಣಿಗೆ ಬೀಳುತ್ತವೆ. ಲಿನಕ್ಸ್‌ಗೆ ಅಪಾಯವೇ ಇಲ್ಲ ಎಂದು ಇದರ ಅರ್ಥವಲ್ಲ. ಒಟಿಪಿ ಕೇಳುವ ಮೋಸಗಾರನಿಗೆ ಯಾವ ಆಪರೇಟಿಂಗ್ ಸಿಸ್ಟಮ್ ಆದರೂ ಒಂದೇ.

ಕನ್ನಡದ ಗಂಟು

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡ ಕಂಪ್ಯೂಟರಿಗೆ ಬಂದ ದಾರಿಯಲ್ಲೇ ಈ ಗಂಟು ಬಿದ್ದಿದೆ. ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿಯಾಧಾರಿತ ಕೀಲಿಮಣೆಯ ತಳಹದಿಯ ಮೇಲೆ ಕನ್ನಡ ಗಣಕ ಪರಿಷತ್ತು ಕೆಲಸ ಮಾಡಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. 2000ದ ದಶಕದ ಆರಂಭದಲ್ಲಿ ಪರಿಷತ್ತಿನ ‘ನುಡಿ’ ರಾಜ್ಯ ಸರ್ಕಾರದ ಕಚೇರಿಗಳನ್ನು ತುಂಬಿತು. ಗ್ರಾಮ ಪಂಚಾಯಿತಿಯಿಂದ ಡಿಟಿಪಿ ಅಂಗಡಿಯವರೆಗೆ ಕನ್ನಡ ಟೈಪಿಂಗ್ ಎಂದರೆ ನುಡಿ ಎಂಬಂತಾಯಿತು. ಈ ಕೆಲಸ ಮಾಡಿದವರ ಉಪಕಾರ ದೊಡ್ಡದು. ಅವರಿಲ್ಲದಿದ್ದರೆ ಸರ್ಕಾರಿ ಕಾಗದ ಪತ್ರಗಳೆಲ್ಲ ಇಂಗ್ಲಿಷಿನಲ್ಲೇ ಉಳಿಯುತ್ತಿದ್ದವು.

ಆದರೆ ಆ ಕಾಲದ ತಂತ್ರಕ್ಕೆ ಒಂದು ಮಿತಿಯಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಬಿಡಿಸಿಟ್ಟ ಫಾಂಟುಗಳವು. ಪರದೆಯ ಮೇಲೆ ‘ಕನ್ನಡ’ ಎಂದು ಕಂಡರೂ ಫೈಲಿನೊಳಗೆ ಇರುತ್ತಿದ್ದದ್ದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಓದಲಾಗದ ಗೀಚು. ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಬರುವುದಿಲ್ಲ. ಯೂನಿಕೋಡ್ ಇದನ್ನು ಬಗೆಹರಿಸಿತು. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನವಿತ್ತು. ಬಳಕೆಗೆ ಬರುವುದು ಮಾತ್ರ ತಡವಾಯಿತು. ಅಷ್ಟರೊಳಗೆ ಇಪ್ಪತ್ತು ವರ್ಷಗಳ ಪತ್ರ, ಠರಾವು, ಪುಸ್ತಕದ ಕರಡು, ಪ್ರಶ್ನೆಪತ್ರಿಕೆ, ಊರ ಜಾತ್ರೆಯ ಹಾಡುಗಳ ಸಂಗ್ರಹ ಎಲ್ಲ ಹಳೆಯ ಸಂಕೇತದಲ್ಲಿ ಸೇರಿಹೋಗಿದ್ದವು. ಹಗೇವಿನ ಬಾಯಿ ಎಲ್ಲಿದೆಯೆಂದು ಹೊರಗಿನವನೊಬ್ಬನಿಗೇ ಗೊತ್ತಿದ್ದರೆ ಒಳಗಿನ ಜೋಳ ನಮ್ಮದಾಗಿದ್ದೂ ನಮ್ಮ ಕೈಗಿಲ್ಲ. ಈ ಫೈಲುಗಳ ಪಾಡೂ ಅಷ್ಟೇ.

ಮನೆಯ ಹಿರಿಯರು ಲಿನಕ್ಸ್ ಬೇಡ ಎನ್ನಲು ನಿಜವಾದ ಕಾರಣ ಇದು. ಅವರ ಕೈ ನುಡಿಗೆ ಪಳಗಿದೆ, ಅವರ ಫೈಲು ನುಡಿಯಲ್ಲಿದೆ. ಈ ಎರಡಕ್ಕೂ ಪರಿಹಾರ ಉಂಟು.

ಕೈಯ ವಿಷಯ ಸುಲಭ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂಬ ವಿನ್ಯಾಸವಿದೆ. ಅದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ. ನುಡಿಯಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಿದ ಬೆರಳು ಇಲ್ಲಿಯೂ ಅದನ್ನೇ ಒತ್ತುತ್ತದೆ. ಬೇರೆ ತಂತ್ರಾಂಶ ಹಾಕಬೇಕಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಆಯ್ದುಕೊಂಡರೆ ಆಯಿತು. ಇನ್‌ಸ್ಕ್ರಿಪ್ಟ್ ಬಲ್ಲವರಿಗೆ ಅದೂ ಇದೆ. ಇಂಗ್ಲಿಷ್ ಉಚ್ಚಾರದಂತೆ ಟೈಪ್ ಮಾಡುವವರಿಗೆ ಐಬಸ್ ಎಂಬ ಸಾಧನದ ಮೂಲಕ ಐಟ್ರಾನ್ಸ್ ಸಿಗುತ್ತದೆ. ಭೀಮೆಯ ಆಚೆ ಸೊಲ್ಲಾಪುರದ ಕಡೆ ನಂಟಸ್ತಿಕೆ ಇಟ್ಟುಕೊಂಡ ನಮಗೆ ಹೆಮ್ಮೆ ತರುವ ಸಂಗತಿಯೊಂದಿದೆ. ಅದೇ ಪಟ್ಟಿಯಲ್ಲಿ ಮರಾಠಿ, ಹಿಂದಿ, ಸಂಸ್ಕೃತ, ತೆಲುಗಿಗೂ ಕಗಪ ವಿನ್ಯಾಸ ಸೇರಿದೆ. ಕನ್ನಡಕ್ಕಾಗಿ ರೂಪಿಸಿದ ಕೀಲಿಮಣೆಯನ್ನು ಕಲಿತ ಕೈ ಜಗತ್ತಿನ ಯಾವುದೇ ಲಿನಕ್ಸ್ ಯಂತ್ರದ ಮುಂದೆ ಕೂತು ಮರಾಠಿಯನ್ನೂ ಬರೆಯಬಲ್ಲದು.

ಅಕ್ಷರರೂಪದ ಕೊರತೆಯೂ ಇಲ್ಲ. ರೆಡ್ ಹ್ಯಾಟ್ ಹೊರತಂದ ಲೋಹಿತ್ ಕನ್ನಡ, ಗೂಗಲ್‌ನ ನೋಟೊ ಕನ್ನಡ, ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ನವಿಲು ಫಾಂಟುಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಇವೆ. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಎಂಬ ಸಾಧನ ಫೈರ್‌ಫಾಕ್ಸ್‌ನಿಂದ ಲಿಬ್ರೆಆಫೀಸ್‌ವರೆಗೆ ಎಲ್ಲದರೊಳಗೂ ಕೆಲಸ ಮಾಡುತ್ತದೆ. ಒಂದು ಎಚ್ಚರ ಬೇಕು. ವಿಂಡೋಸ್‌ನ ತುಂಗಾ ಫಾಂಟಿನಲ್ಲಿ ಅಂದಗೊಳಿಸಿದ ಕಾಗದವನ್ನು ಇಲ್ಲಿ ತೆರೆದರೆ ಫಾಂಟ್ ಬದಲಾಗಿ ಸಾಲುಗಳ ಅಳತೆ ಹೆಚ್ಚುಕಡಿಮೆ ಆಗುತ್ತದೆ. ಅಂತಿಮ ಪ್ರತಿಯನ್ನು ಪಿಡಿಎಫ್ ಮಾಡಿ ಕಳಿಸುವ ರೂಢಿ ಒಳ್ಳೆಯದು.

ಫೈಲಿನ ವಿಷಯಕ್ಕೆ ಕೊಂಚ ಶ್ರಮ ಬೇಕು. ನುಡಿ, ಬರಹಗಳಲ್ಲೇ ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯವಿದೆ. ಬ್ರೌಸರಿನಲ್ಲಿ ಓಡುವ ಮುಕ್ತ ಪರಿವರ್ತಕಗಳೂ ಇವೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ‘ರ‍್ಯ’ದಂಥ ಜೋಡಣೆ, ನಡುವೆ ಬಂದ ಇಂಗ್ಲಿಷ್ ಪದ ಮತ್ತು ಅಂಕಿಗಳನ್ನು ಕಣ್ಣಿಟ್ಟು ನೋಡಬೇಕು, ತಪ್ಪುಗಳು ಅಲ್ಲಿಯೇ ಆಗುವುದು. ಕೋಷ್ಟಕಗಳಿದ್ದರೆ ಇನ್ನೂ ನಿಧಾನ. ಈ ಕೆಲಸವನ್ನು ವಿಂಡೋಸ್ ಇರುವಾಗಲೇ ಮುಗಿಸಬೇಕು. ಕಂಪ್ಯೂಟರ್ ಬದಲಿಸಿದ ಮೇಲೆ ನೋಡಿಕೊಳ್ಳೋಣ ಎಂದವರಿಗೆ ಅದು ಎರಡು ಪಟ್ಟು ಕಷ್ಟ.

ಶ್ರಮಕ್ಕೆ ಫಲವೇನೆಂದು ಕೇಳುವವರಿಗೆ ನಮ್ಮ ಜಿಲ್ಲೆಯೇ ಉತ್ತರ ಕೊಡುತ್ತದೆ. ಓಲೆಗರಿಯ ಕಟ್ಟುಗಳಲ್ಲಿದ್ದ ವಚನಗಳನ್ನು ವಿಜಯಪುರದಲ್ಲಿ ಕುಳಿತು ಫ.ಗು. ಹಳಕಟ್ಟಿ ಸಂಗ್ರಹಿಸಿದರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾಯಿತು. ಮುಂದೆ ಸಿಂದಗಿ ತಾಲ್ಲೂಕಿನವರೇ ಆದ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು ಬಂದವು. ಸಂಚಯ ತಂಡದ ಗೆಳೆಯರು ಆ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್‌ಗೆ ತಂದು, ಮುಕ್ತ ತಂತ್ರಾಂಶದ ಬಲದಿಂದ ‘ವಚನ ಸಂಚಯ’ವನ್ನು ಕಟ್ಟಿದರು. ಇಂದು ಒಂದು ಪದ ಟೈಪ್ ಮಾಡಿದರೆ ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ಕ್ಷಣದಲ್ಲಿ ಕಾಣುತ್ತದೆ. ಓಲೆಯಿಂದ ಅಚ್ಚಿಗೆ ಬಂದಾಗ ವಚನ ಎಲ್ಲರ ಕೈಗೆ ಸಿಕ್ಕಿತು, ಯೂನಿಕೋಡ್‌ಗೆ ಬಂದಾಗ ಎಲ್ಲರ ಹುಡುಕಾಟಕ್ಕೂ ಸಿಕ್ಕಿತು. ನಮ್ಮ ಮನೆಯ ಫೈಲುಗಳಿಗೂ ಅದೇ ಬಿಡುಗಡೆ ಬೇಕು.

ಎಲ್ಲಿ ಹೋಗಬಾರದು?

ಲಿನಕ್ಸ್ ಎಲ್ಲರಿಗೂ ಈಗಲೇ ಒಗ್ಗುತ್ತದೆ ಎನ್ನುವುದು ಸುಳ್ಳು ಭರವಸೆ. ಟ್ಯಾಲಿಯಲ್ಲಿ ಲೆಕ್ಕ ಇಡುವ ಕಿರಾಣಿ, ಗೊಬ್ಬರದ ಅಂಗಡಿಯವರು ವಿಂಡೋಸ್‌ನಲ್ಲೇ ಇರುವುದು ಲೇಸು. ಕೋರೆಲ್‌ಡ್ರಾ, ಫೋಟೊಶಾಪ್ ನಂಬಿ ಬದುಕುವ ಫ್ಲೆಕ್ಸ್ ಮತ್ತು ಲಗ್ನಪತ್ರಿಕೆಯ ಅಂಗಡಿಗಳ ಮಾತೂ ಅಷ್ಟೇ. ಇಂಕ್‌ಸ್ಕೇಪ್, ಗಿಂಪ್ ಒಳ್ಳೆಯ ಸಾಧನಗಳೇ, ಆದರೆ ಗಿರಾಕಿ ತರುವ ಹಳೆಯ ಡಿಸೈನ್ ಫೈಲು ಅವುಗಳಲ್ಲಿ ಹಾಗೆಹಾಗೆಯೇ ತೆರೆಯುವುದಿಲ್ಲ. ಆಧಾರ್ ಬೆರಳಚ್ಚು ಯಂತ್ರ ಇಟ್ಟುಕೊಂಡು ಸೇವಾ ಕೇಂದ್ರ ನಡೆಸುವವರು, ಡಿಜಿಟಲ್ ಸಹಿಯ ಡಾಂಗಲ್ ಬಳಸುವವರು ತಮ್ಮ ಸಾಧನದ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಇಂಥ ಸಾಧನಗಳ ತಯಾರಕರು ಗಮನ ಕೊಡುವುದು ವಿಂಡೋಸ್, ಆಂಡ್ರಾಯ್ಡ್‌ಗಳಿಗೇ ಹೆಚ್ಚು.

ಪ್ರಿಂಟರಿನಲ್ಲಿ ಭೇದವಿದೆ. ಎಚ್‌ಪಿಯ ಬಹುತೇಕ ಪ್ರಿಂಟರುಗಳು ಎಚ್‌ಪಿಲಿಪ್ ಎಂಬ ತಂತ್ರಾಂಶದಿಂದ ತಂತಾನೇ ಗುರುತು ಹಿಡಿಸಿಕೊಳ್ಳುತ್ತವೆ. ವೈಫೈ ಇರುವ ಹೊಸ ಪ್ರಿಂಟರುಗಳು ಹೆಚ್ಚಾಗಿ ಡ್ರೈವರ್ ಇಲ್ಲದೆಯೇ ನಡೆಯುತ್ತವೆ. ನಮ್ಮ ಅಂಗಡಿ, ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಮಾತ್ರ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರನ್ನು ಹಾಕಬೇಕು. ಅದು ಹೊಸಬರ ಕೈಯಲ್ಲಿ ಆಗುವ ಕೆಲಸವಲ್ಲ, ಬಲ್ಲವರನ್ನು ಕರೆಯಬೇಕು.

ಎರಡನೆಯ ಗಂಟು ಇಲ್ಲಿಯೇ ಇದೆ. ಬಲ್ಲವರು ಎಲ್ಲಿ? ‘ಅಣ್ಣಾ, ಸಿಸ್ಟಮ್ ಭಾಳ ಸ್ಲೋ ಆಗೇದ, ಫಾರ್ಮ್ಯಾಟ್ ಹೊಡದ ಕೊಡ್ರಿ’ ಎಂದು ನಾವು ಅಂಗಡಿಗೆ ಹೋಗುತ್ತೇವೆ. ಅಲ್ಲಿಯ ಹುಡುಗನಿಗೆ ವಿಂಡೋಸ್ ಅಂಗೈ ಮೇಲಿನ ನೆಲ್ಲಿಕಾಯಿ. ಲಿನಕ್ಸ್ ಎಂದರೆ ಅವನು ಅದನ್ನು ಅಳಿಸಿ ವಿಂಡೋಸ್ ಹಾಕಿಬಿಡುತ್ತಾನೆ. ಅದು ಅವನ ತಪ್ಪಲ್ಲ, ಯಾರೂ ಅವನಿಗೆ ಕಲಿಸಿಲ್ಲ. ಊರಲ್ಲಿ ಒಬ್ಬರಾದರೂ ಕೈಗೆ ಸಿಗುವವರು ಇಲ್ಲದಿರುವವರೆಗೆ ಈ ಬದಲಾವಣೆ ಗಟ್ಟಿಯಾಗುವುದಿಲ್ಲ.

ಹಾಕುವ ಬಗೆ

ಮನೆಯ ಪಟ್ಟಿಯಲ್ಲಿ ಮೇಲಿನ ಅಡ್ಡಿಗಳಾವುವೂ ಇಲ್ಲವೆಂದಾದರೆ ಮುಂದಿನ ಕೆಲಸ ಹೆಚ್ಚಿನದಲ್ಲ. ಹೊಸಬರಿಗೆ ಲಿನಕ್ಸ್ ಮಿಂಟ್ ಸೂಕ್ತ. ಅದರ ಪರದೆ, ಮೆನು ವಿಂಡೋಸ್ ಕಂಡವರಿಗೆ ಹೊಸದೆನಿಸುವುದಿಲ್ಲ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್, ಸಲೀಸಾಗಿ ನಡೆಯಲು 4 ಜಿಬಿ ಬೇಕು. ರ‍್ಯಾಮ್ ಕಡಿಮೆಯಿದ್ದರೆ ಸಿನಮನ್ ಬದಲು ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಉಬುಂಟು 24.04 ಮತ್ತು ಅದನ್ನು ಆಧರಿಸಿದ ಮಿಂಟ್ 22ಕ್ಕೆ 2029ರವರೆಗೆ ತೇಪೆಗಳು ಬರುತ್ತವೆ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ದಾರಿ ಕಿರಿದಾಗುತ್ತಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಕೂಡ ಅವುಗಳ ಇನ್‌ಸ್ಟಾಲರನ್ನು ಕೈಬಿಟ್ಟಿದೆ. ಯಂತ್ರ ಯಾವುದೇ ಇರಲಿ, ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ವೇಗದಲ್ಲಿ ಆಗುವ ವ್ಯತ್ಯಾಸ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಮೊದಲು ಫೈಲುಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು. ಸಿ, ಡಿ, ಇ ಎಂಬ ಡ್ರೈವುಗಳ ಹೆಸರು ಲಿನಕ್ಸ್‌ನಲ್ಲಿ ಇರುವುದಿಲ್ಲ. ತಪ್ಪಾದ ಭಾಗವನ್ನು ಆರಿಸಿದರೆ ಮಕ್ಕಳ ಬಾಲ್ಯದ ಫೋಟೊಗಳು ಹೋದವೆಂದೇ. ಆಮೇಲೆ ಮಿಂಟ್ ಫೈಲನ್ನು ಇಳಿಸಿಕೊಳ್ಳಬೇಕು. ಅದು 3 ಜಿಬಿಯ ಆಸುಪಾಸು ಇರುವುದರಿಂದ ದಿನಕ್ಕೆ ಒಂದೂವರೆ, ಎರಡು ಜಿಬಿಯ ಫೋನ್ ಪ್ಯಾಕ್ ಸಾಲದು. ವೈಫೈ ಇರುವ ಕಡೆ ಇಳಿಸಿ ರೂಫಸ್ ಅಥವಾ ವೆಂಟಾಯ್ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಹಾಕಿಕೊಂಡರೆ, ಒಬ್ಬರು ತಂದದ್ದು ಓಣಿಗೆಲ್ಲ ಸಾಕಾಗುತ್ತದೆ. ಹೀಗೆ ಹಂಚುವುದಕ್ಕೆ ಕಾನೂನಿನ ಪೂರ್ಣ ಒಪ್ಪಿಗೆಯಿದೆ.

ಆ ಪೆನ್‌ಡ್ರೈವಿನಿಂದಲೇ ಕಂಪ್ಯೂಟರನ್ನು ಶುರುಮಾಡಿ, ಏನನ್ನೂ ಅಳಿಸದೆ, ಲಿನಕ್ಸ್ ನಡೆಸಿ ನೋಡಬಹುದು. ವೈಫೈ, ಸದ್ದು, ಪ್ರಿಂಟರ್, ಕ್ಯಾಮೆರಾ ಎಲ್ಲವನ್ನೂ ಈ ಹಂತದಲ್ಲೇ ಪರೀಕ್ಷಿಸಬೇಕು. ವೈಫೈ ಹಿಡಿಯದಿದ್ದರೆ ಫೋನನ್ನು ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಚ್ಚಿದರೆ ಸಾಮಾನ್ಯವಾಗಿ ಇಂಟರ್ನೆಟ್ ಬರುತ್ತದೆ, ಅದರ ಮೂಲಕವೇ ವೈಫೈ ಡ್ರೈವರ್ ಇಳಿಸಬಹುದು.

ಧೈರ್ಯ ಸಾಲದವರು ಎರಡನ್ನೂ ಇಟ್ಟುಕೊಳ್ಳಬಹುದು. ಶುರುವಿನಲ್ಲಿ ಗ್ರಬ್ ಪಟ್ಟಿ ಬಂದು ಯಾವುದು ಬೇಕೆಂದು ಕೇಳುತ್ತದೆ. ಹಾಗಾದರೆ ಮೂರು ಸಂಗತಿ ನೆನಪಿರಲಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡದಿದ್ದರೆ ಆ ಭಾಗದ ಫೈಲುಗಳಿಗೆ ಲಿನಕ್ಸ್‌ನಿಂದ ಬರೆಯಲಾಗುವುದಿಲ್ಲ. ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ಕೀಲಿಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಗಡಿಯಾರ ಐದೂವರೆ ಗಂಟೆ ಹಿಂದುಮುಂದಾದರೆ ಗಾಬರಿ ಬೇಡ. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ಭಾರತೀಯ ಸಮಯ ಇಡುತ್ತದೆ, ಲಿನಕ್ಸ್ ಗ್ರೀನಿಚ್ ಸಮಯ ಇಡುತ್ತದೆ. ಒಂದು ಸೆಟ್ಟಿಂಗಿನಿಂದ ಅದು ಸರಿಹೋಗುತ್ತದೆ.

ದಾರಿ ನಡೆದವರು

ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಲ್ಲಿ ಕನ್ನಡದ ಮಕ್ಕಳೂ ಇದ್ದಾರೆ. ಕೇರಳದ ಐಟಿ@ಸ್ಕೂಲ್ ಯೋಜನೆ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಮುಕ್ತ ತಂತ್ರಾಂಶಕ್ಕೆ ಒಯ್ಯಿತು. ಅದರ ಮುಂದುವರಿಕೆಯಾದ ಕೈಟ್ ಸಂಸ್ಥೆ ಉಬುಂಟು ಆಧರಿಸಿದ ತನ್ನದೇ ಆವೃತ್ತಿಯನ್ನು ರಾಜ್ಯದ ಶಾಲೆಗಳಿಗೆಲ್ಲ ಕೊಡುತ್ತದೆ. ಹೀಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠವನ್ನು ಕನ್ನಡ ಪುಸ್ತಕದಲ್ಲಿ ಓದಿ, ಲಿನಕ್ಸ್ ಯಂತ್ರದ ಮೇಲೆ ಕಲಿಯುತ್ತಾರೆ. ಮಕ್ಕಳು ಶಾಲೆಯಲ್ಲಿ ಕಲಿತದ್ದು ಮನೆಗೆ ಬರುತ್ತದೆ. ಅಲ್ಲಿ ಮೊದಲು ತಯಾರಾದವರು ಶಿಕ್ಷಕರು ಎಂಬುದನ್ನು ಮರೆಯಬಾರದು.

ನಮ್ಮ ರಾಜ್ಯದಲ್ಲಿಯೂ ಬೀಜ ಬಿದ್ದಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2010ರ ದಶಕದಲ್ಲಿ ಡಿಎಸ್‌ಇಆರ್‌ಟಿ ಜೊತೆಗೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರು ಉಬುಂಟು, ಜಿಯೋಜೀಬ್ರಾ ಕಲಿತರು. ಓಂಶಿವಪ್ರಕಾಶ್ ‘ಲಿನಕ್ಸಾಯಣ’ದ ಮೂಲಕ ಈ ವಿದ್ಯೆಯನ್ನು ಕನ್ನಡದಲ್ಲೇ ಹೇಳುತ್ತ ಬಂದರು. ಸಿ-ಡ್ಯಾಕ್ 2007ರಲ್ಲಿ ಹೊರತಂದ ಬಾಸ್ ಲಿನಕ್ಸ್ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಿಗೆ ಎಡೆ ಕೊಟ್ಟಿತು. 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಿಗೆ ಮುಕ್ತ ತಂತ್ರಾಂಶ ಅಳವಡಿಕೆಯ ನೀತಿಯನ್ನೇ ಪ್ರಕಟಿಸಿತು. ಬೀಜ ಬಿದ್ದಷ್ಟು ಬೆಳೆ ಬರದಿರಲು ಕಾರಣ, ತರಬೇತಿ ಮುಗಿದ ಮೇಲೆ ಕೇಳಲು ಹತ್ತಿರದಲ್ಲಿ ಯಾರೂ ಇಲ್ಲದಿರುವುದು.

ಹೊರದೇಶದ ಎರಡು ಉದಾಹರಣೆಗಳು ಪಾಠ ಹೇಳುತ್ತವೆ. ಫ್ರಾನ್ಸಿನ ಜಾಂದಾರ್ಮರಿ ಪೊಲೀಸ್ ಪಡೆ 2005ರಲ್ಲಿ ಮೊದಲು ಓಪನ್‌ಆಫೀಸ್‌ಗೆ ಬಂತು, 2006ರಲ್ಲಿ ಫೈರ್‌ಫಾಕ್ಸ್ ಮತ್ತು ಥಂಡರ್‌ಬರ್ಡ್ ಬಳಸತೊಡಗಿತು, 2008ರಿಂದ ಉಬುಂಟುವಿಗೆ ಸರಿಯತೊಡಗಿತು. ಕಾಗದ ಪತ್ರ, ಬ್ರೌಸರ್, ಮಿಂಚಂಚೆ ಆಗಲೇ ಬದಲಾಗಿದ್ದರಿಂದ ಕೊನೆಯ ಹೆಜ್ಜೆ ಭಾರವೆನಿಸಲಿಲ್ಲ. ಆ ಪಡೆ ಇಂದಿಗೂ ಲಿನಕ್ಸ್‌ನಲ್ಲೇ ಇದೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್ ತೀರ್ಮಾನ ಕೈಗೊಂಡು ಸಾವಿರಾರು ಯಂತ್ರ ಬದಲಿಸಿತು. ಆದರೆ 2017ರಲ್ಲಿ ವಿಂಡೋಸ್‌ಗೆ ಮರಳುವ ನಿರ್ಣಯ ಮಾಡಿತು. ಹೊರಗಿನ ಕಚೇರಿಗಳೊಂದಿಗೆ ಫೈಲು ಹೊಂದದ ತಕರಾರು, ಆಡಳಿತದ ಬದಲಾದ ಮನಸ್ಸು ಎರಡೂ ಅಲ್ಲಿ ಕೆಲಸ ಮಾಡಿದವು. ಮನೆ ಚಿಕ್ಕದಾದರೂ ನಿಯಮ ಅದೇ: ಫೈಲು ಮೊದಲು, ಒಪ್ಪಿಗೆಯೂ ಮೊದಲು. ಮನೆಯ ಎಲ್ಲರನ್ನೂ ಕೇಳದೆ ಮಗ ರಾತ್ರೋರಾತ್ರಿ ಹಾಕಿದ ಲಿನಕ್ಸ್ ಉಳಿಯುವುದಿಲ್ಲ.

ಬೆಲೆಗಿಂತ ದೊಡ್ಡದು

ನಮ್ಮಲ್ಲಿ ಎಷ್ಟೋ ಮನೆಗಳ ವಿಂಡೋಸ್ ಪರವಾನಗಿ ಇಲ್ಲದ ಪ್ರತಿ. ಹೀಗಾಗಿ ಲಿನಕ್ಸ್ ಉಚಿತ ಎಂದರೆ ಯಾರ ಕಿವಿಯೂ ನಿಮಿರುವುದಿಲ್ಲ, ಅವರಿಗೆ ಎರಡೂ ಉಚಿತವೇ. ಆದರೆ ಕದ್ದ ಪ್ರತಿಯ ಬೆಲೆ ಬೇರೆ ರೂಪದಲ್ಲಿ ಬರುತ್ತದೆ. ಬೀಗ ಮುರಿಯಲು ಬಳಸುವ ಆಕ್ಟಿವೇಟರುಗಳೇ ಎಷ್ಟೋ ಸಲ ವೈರಸ್ ಹೊತ್ತು ತರುತ್ತವೆ. ಅಪ್‌ಡೇಟ್ ಆರಿಸಿಟ್ಟ ಯಂತ್ರ ಬಾಗಿಲು ತೆರೆದಿಟ್ಟ ಯಂತ್ರ. 2017ರ ಮೇ ತಿಂಗಳಲ್ಲಿ ವಾನಾಕ್ರೈ ದಾಳಿ ಜಗತ್ತಿನಾದ್ಯಂತ ಆಸ್ಪತ್ರೆ, ಕಾರ್ಖಾನೆಗಳ ಫೈಲುಗಳಿಗೆ ಬೀಗ ಜಡಿದು ಸುಲಿಗೆ ಕೇಳಿದಾಗ, ಅದು ಒಳನುಗ್ಗಿದ ದೋಷಕ್ಕೆ ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ತೇಪೆ ಕೊಟ್ಟಿತ್ತು. ಬಲಿಯಾದವು ಅದನ್ನು ಹಾಕಿಕೊಳ್ಳದ ಯಂತ್ರಗಳು. ಇಂದು ಅದೇ ಕಂಪ್ಯೂಟರಿನಲ್ಲಿ ಬ್ಯಾಂಕ್ ಖಾತೆ, ಆಧಾರ್, ಹೊಲದ ಕಾಗದ ಎಲ್ಲವೂ ಇವೆ.

ಮಕ್ಕಳಿಗೆ ನಾವು ಏನು ಕಲಿಸುತ್ತಿದ್ದೇವೆ ಎಂಬ ಪ್ರಶ್ನೆಯೂ ಇದೆ. ದುಡಿದು ತಿನ್ನುವುದನ್ನು ಕಾಯಕವೆಂದು ಗೌರವಿಸಿದ ನಾಡು ನಮ್ಮದು, ಬಸವಣ್ಣ ಹುಟ್ಟಿದ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ. ಬೇರೆಯವರ ದುಡಿಮೆಯನ್ನು ಕದ್ದು ಬಳಸುವುದಕ್ಕಿಂತ, ಸಾವಿರಾರು ಜನ ಹಂಚಲೆಂದೇ ದುಡಿದದ್ದನ್ನು ತಲೆಯೆತ್ತಿ ಬಳಸುವುದು ಮೇಲು. ನಾಳೆ ನಮ್ಮ ಮಗುವೇ ಅದಕ್ಕೆ ಒಂದು ಕನ್ನಡ ಅನುವಾದ, ಒಂದು ಫಾಂಟಿನ ತಿದ್ದುಪಡಿ ಸೇರಿಸಬಹುದು. ಆ ಬಾಗಿಲು ತೆರೆದಿದೆ.

ಮಾಡಬೇಕಾದ್ದು

ಒಟ್ಟು ನೋಟದಲ್ಲಿ ತೀರ್ಪು ಹೀಗೆ. ಬ್ರೌಸರ್, ಪತ್ರ, ಓದು, ವಿಡಿಯೊಗಳಿಗೆ ಕಂಪ್ಯೂಟರ್ ಬಳಸುವ ಮನೆ, ವಿಂಡೋಸ್ 11 ಒಲ್ಲದ ಯಂತ್ರವಿರುವ ಮನೆ, ಓದುವ ಮಕ್ಕಳಿರುವ ಮನೆ ಲಿನಕ್ಸ್‌ಗೆ ಹೋಗಬೇಕು. ಟ್ಯಾಲಿ, ಕೋರೆಲ್‌ಡ್ರಾ, ಬೆರಳಚ್ಚು ಯಂತ್ರಗಳಿಂದ ಅನ್ನ ಹುಟ್ಟುವ ಕಡೆ ಪರವಾನಗಿ ಇರುವ ವಿಂಡೋಸ್ ಇರಲಿ. ಹೋಗುವವರು ಈ ಅನುಕ್ರಮ ಪಾಲಿಸಲಿ: ನುಡಿ ಮತ್ತು ಬರಹದ ಹಳೆಯ ಫೈಲುಗಳನ್ನು ಯೂನಿಕೋಡ್‌ಗೆ ತರುವುದು, ವಿಂಡೋಸ್‌ನಲ್ಲಿರುವಾಗಲೇ ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ರೂಢಿಸಿಕೊಳ್ಳುವುದು, ಪೆನ್‌ಡ್ರೈವಿನಿಂದ ನಡೆಸಿ ನೋಡುವುದು, ಕೊನೆಗೆ ಹಾಕುವುದು.

ಊರಿನ ಮಟ್ಟದಲ್ಲಿ ಆಗಬೇಕಾದ ಕೆಲಸವೂ ಒಂದಿದೆ. ಆಲಮೇಲ ಈಗ ಸ್ವತಃ ತಾಲ್ಲೂಕು ಕೇಂದ್ರ. ಇಲ್ಲಿಯ ಒಂದು ಪ್ರೌಢಶಾಲೆಯ ಕಂಪ್ಯೂಟರ್ ಕೋಣೆಯಲ್ಲೋ ಗ್ರಂಥಾಲಯದಲ್ಲೋ ತಿಂಗಳಿಗೊಂದು ಭಾನುವಾರ, ರಜೆಗೆ ಊರಿಗೆ ಬರುವ ಇಂಜಿನಿಯರಿಂಗ್ ಹುಡುಗ ಹುಡುಗಿಯರು, ಉಬುಂಟು ಬಲ್ಲ ಶಿಕ್ಷಕರು, ರಿಪೇರಿ ಅಂಗಡಿಯ ಹುಡುಗರು ಒಟ್ಟಿಗೆ ಕೂರಲಿ. ಅಲ್ಲಿಗೆ ಬಂದವರ ನುಡಿ ಫೈಲುಗಳನ್ನು ಯೂನಿಕೋಡ್ ಮಾಡಿಕೊಡಲಿ, ಕೇಳಿದವರಿಗೆ ಲಿನಕ್ಸ್ ಹಾಕಿಕೊಡಲಿ. ರಿಪೇರಿಯವನಿಗೆ ಅವನ ಕೂಲಿ ಸಲ್ಲಲಿ, ಏಕೆಂದರೆ ತಂತ್ರಾಂಶ ಉಚಿತವಾದರೂ ಅವನ ದುಡಿಮೆ ಉಚಿತವಲ್ಲ. ಹೀಗೆ ಒಂದು ಊರಿನಲ್ಲಿ ನಾಲ್ಕು ಜನ ಬಲ್ಲವರಾದರೆ ಸಿಂದಗಿ, ಇಂಡಿಗೆ ಹಬ್ಬಲು ತಡವಾಗದು. ಇದಕ್ಕೆ ಸರ್ಕಾರದ ಆದೇಶವೂ ಬೇಡ, ದೊಡ್ಡ ಹಣವೂ ಬೇಡ. ಬರುವ ಬೇಸಿಗೆ ರಜೆಯಲ್ಲೇ ಶುರುಮಾಡಬಹುದು.